ನಾಗಸಾಕಿಯಲ್ಲಿ ಕೊಡೆ ಹಿಡಿದವರು

ಫುಕುವೋಕಾ

ಜಪಾನಿಗೆ ಬಂದ ಹೊಸದರಲ್ಲಿ ಫುಕುವೋಕಾದ ಕನ್ನಡಿಗರು ರಾಜ್ಯೋತ್ಸವಕ್ಕೆ ಕರೆದಿದ್ದರು. ಬಾಗಿಲಲ್ಲಿ ನಿಂತಿದ್ದ ಮಹನೀಯರೊಬ್ಬರು ನನ್ನನ್ನು ನೋಡಿ, ಬಹಳ ಸೌಜನ್ಯದಿಂದ, "ವಿಚ್ ಕಂಟ್ರಿ, ಮೇಡಂ? ನೈಜೀರಿಯಾ?" ಎಂದು ಕೇಳಿದರು.

"ಹಳಿಯಾಳ ತಾಲ್ಲೂಕು ರೀ. ಚಿತ್ರಾನ್ನ ಖಾಲಿ ಆಗಿಲ್ಲ ತಾನೆ?" ಎಂದೆ.

ಪಾಪ, ಆ ಮನುಷ್ಯ ಸಂಜೆಯವರೆಗೂ ನನ್ನ ತಟ್ಟೆಗೆ ಬಡಿಸುತ್ತಲೇ ಇದ್ದರು. ನನಗೆ ಇದೇನೂ ಹೊಸದಲ್ಲ. ನಾವು ಸಿದ್ದಿಗಳು. ಪೋರ್ಚುಗೀಸರು ಆಫ್ರಿಕಾದಿಂದ ಹಡಗಿನಲ್ಲಿ ತುಂಬಿ ತಂದು ಗೋವಾದಲ್ಲಿ ಮಾರಿದ ಜನರ ಸಂತಾನ. ಒಡೆಯರ ಕೈಯಿಂದ ತಪ್ಪಿಸಿಕೊಂಡು ಘಟ್ಟ ಹತ್ತಿ ಕಾಡು ಸೇರಿದವರು ಅಲ್ಲೇ ಉಳಿದರು. ನಮ್ಮಲ್ಲಿ ಕೊಂಕಣಿ ಆಡುವವರಿದ್ದಾರೆ, ಮರಾಠಿ, ಉರ್ದು ಆಡುವವರಿದ್ದಾರೆ. ನಮ್ಮ ಮನೆಯ ಮಾತು ಕನ್ನಡ. ಓಟದಲ್ಲಿ ಮುಂದಿದ್ದೆನೆಂದು ಕ್ರೀಡಾ ಹಾಸ್ಟೆಲಿಗೆ ಸೇರಿಸಿದರು, ಮೊಣಕಾಲು ಕೈಕೊಟ್ಟಾಗ ಓದು ಕೈಹಿಡಿಯಿತು. ಈಗ ಇಲ್ಲಿನ ಕಂಪನಿಯೊಂದರಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುತ್ತೇನೆ. ಅಂದರೆ ಬೇರೆಯವರ ತಪ್ಪು ಹುಡುಕುವುದೇ ನನ್ನ ಹೊಟ್ಟೆಪಾಡು. ಗಂಡನ ಅಭಿಪ್ರಾಯದಲ್ಲಿ ಈ ಕೆಲಸಕ್ಕೆ ನನಗೆ ತರಬೇತಿಯ ಅಗತ್ಯವೇ ಇರಲಿಲ್ಲ.

ಆದರೆ ಮಗಳು ದೀಪಾಳ ತಪ್ಪು ನನ್ನ ಕಣ್ಣಿಗೆ ಬೀಳಲು ತಡವಾಯಿತು. ಕೊರೋನಾದ ಮೂರನೇ ವರ್ಷ. ಶಾಲೆಯ ಪೋಷಕರ ಸಭೆ ಇನ್ನೂ ಕಂಪ್ಯೂಟರ್ ಪರದೆಯ ಮೇಲೆಯೇ ನಡೆಯುತ್ತಿತ್ತು. ಅವಳ ಟೀಚರ್ ತಲೆಬಾಗಿ ನಮಸ್ಕರಿಸಿ, "ದೀಪಾ ಸಾನ್ ಅವರ ಅಮೆರಿಕದ ಅಜ್ಜ ಬೇಸ್‌ಬಾಲ್ ಆಟಗಾರರಂತೆ. ಮಕ್ಕಳಿಗೆಲ್ಲ ತುಂಬಾ ಖುಷಿಯಾಗಿದೆ. ಮುಂದಿನ ತಿಂಗಳು 'ನನ್ನ ಮನೆತನ' ಅಂತ ಒಂದು ಪಾಠ ಇದೆ. ಅವಳು ಅವರ ಬಗ್ಗೆಯೇ ಹೇಳಲಿ" ಎಂದರು. ಇಲ್ಲಿ ಯಾರ ಹೆಸರಿಗೂ ಗೌರವಕ್ಕೆ 'ಸಾನ್' ಹಚ್ಚುತ್ತಾರೆ, ನಮ್ಮ 'ಅವರು' ಇದ್ದ ಹಾಗೆ.

ಅವಳ ಅಜ್ಜ, ಅಂದರೆ ನನ್ನ ಅಪ್ಪ, ಅರಣ್ಯ ಇಲಾಖೆಯಲ್ಲಿ ದಿನಗೂಲಿ ಮಾಡಿ ಬದುಕು ಸವೆಸಿದವರು. ಬೇಸ್‌ಬಾಲ್ ಕಂಡವರಲ್ಲ. ಸಭೆ ಮುಗಿದ ಮೇಲೆ ಮಗಳನ್ನು ಕೂರಿಸಿ ಕೇಳಿದೆ.

"ನಾನೇ ಹೇಳಿಲ್ಲ ಅಮ್ಮ. They only asked, ಅಮೆರಿಕಾನಾ ಅಂತ. India ಅಂದ್ರೆ ಯಾರೂ ನಂಬಲ್ಲ. ಅಮೆರಿಕಾ ಅಂದ್ರೆ ಎಲ್ಲಾರೂ 'ಕಕ್ಕೋಯೀ' ಅಂತಾರೆ."

ಕಕ್ಕೋಯೀ ಅಂದರೆ ಭಲೇ, ಸೂಪರ್. ಬೈಯಲು ತೆರೆದ ಬಾಯಿಯನ್ನು ಹಾಗೇ ಮುಚ್ಚಿದೆ. ಒಂಬತ್ತು ವರ್ಷದ ಹುಡುಗಿಗೆ ಅಮೆರಿಕದ ಅಜ್ಜ ಬೇಡ ಎನ್ನಬೇಕಾದರೆ ಅವನ ಜಾಗಕ್ಕೆ ಯಾರನ್ನಾದರೂ ತಂದು ನಿಲ್ಲಿಸಬೇಕಲ್ಲ. ಗುಲಾಮರನ್ನು ತಂದು ನಿಲ್ಲಿಸಿದರೆ ಅವಳು ಒಪ್ಪುತ್ತಾಳೆಯೇ? ಅವರನ್ನು ನನ್ನವರು ಎನ್ನುತ್ತಾಳೆಯೇ, ಇಲ್ಲವೇ ನನ್ನಿಂದಲೂ ಮುಖ ತಿರುಗಿಸುತ್ತಾಳೆಯೇ? ಆ ಭಯ ನನ್ನನ್ನು ಬಿಡಲಿಲ್ಲ.

ಕರಿಯರ ಚರಿತ್ರೆಯ ಜಾಡು ಹಿಡಿದು ಜನ ಆಫ್ರಿಕಾದ ಕೋಟೆಗಳಿಗೆ, ಅಮೆರಿಕದ ಹತ್ತಿ ಹೊಲಗಳಿಗೆ ಪ್ರವಾಸ ಹೋಗುತ್ತಾರೆಂದು ಓದಿದ್ದೆ. ನಮಗೆ ಊರಿಗೆ ಹೋಗುವುದೇ ಕನಸಾಗಿತ್ತು. ಎರಡನೇ ಅಲೆಯಲ್ಲಿ ನನ್ನ ಅಜ್ಜಿ ತೀರಿಕೊಂಡಾಗ ಮಣ್ಣು ಹಾಕುವುದನ್ನು ಫೋನಿನಲ್ಲಿ ನೋಡಿ, ಫೋನಿಗೇ ಕೈಮುಗಿದಿದ್ದೆ. ಆದರೆ ನಾಗಸಾಕಿ ಹತ್ತಿರವಿತ್ತು. ಗೋವಾಕ್ಕೆ ಬಂದ ಹಡಗುಗಳೇ ಅಲ್ಲಿಗೂ ಹೋಗುತ್ತಿದ್ದವು. ಸೆಪ್ಟೆಂಬರಿನ ರಜೆಯಲ್ಲಿ, ಚಂಡಮಾರುತವೊಂದು ದಾಟಿ ಹೋದ ಮೇಲೆ, ತಾಯಿ ಮಗಳು ಹೊರಟೆವು. ಗಂಡ ಕೆಲಸದ ಮೇಲೆ ನಗೋಯಾದಲ್ಲಿದ್ದರು.

ರೈಲಿನಲ್ಲಿ

ಜಪಾನಿನ ರೈಲಿನಲ್ಲಿ ಫೋನಿನಲ್ಲಿ ಮಾತಾಡುವುದು ನಮ್ಮಲ್ಲಿ ದೇವಸ್ಥಾನದೊಳಗೆ ಚಪ್ಪಲಿ ಹಾಕಿಕೊಂಡು ಹೋದಂತೆ. ಯಾರೂ ಬೈಯುವುದಿಲ್ಲ, ನೋಡುತ್ತಾರೆ ಅಷ್ಟೆ. ಅಂಥ ನಿಶ್ಶಬ್ದದಲ್ಲಿ ಅವ್ವನ ಫೋನು ಬಂತು. ನಾನು ತೆಗೆಯದಿದ್ದರೆ, ತೆಗೆಯುವವರೆಗೂ ಅವಳು ಮಾಡುತ್ತಲೇ ಇರುತ್ತಾಳೆ. ಬೋಗಿಯಾಚೆ ಬಾಗಿಲ ಹತ್ತಿರ ಓಡಿಹೋಗಿ ನಿಂತೆ. ನನ್ನ ಅವ್ವನ ದನಿಗೆ ಬಾಗಿಲು ಯಾವ ಲೆಕ್ಕ?

"ಇವತ್ತ ಮಾಲಯ ಅಮಾಸಿ. ಹಿರಿಯರಿಗೆ ಎಡಿ ಇಟ್ಟಿ ಇಲ್ಲ?"

"ಅವ್ವಾ, ನಾ ಪ್ರವಾಸದಾಗ ಅದೀನಿ. ರೈಲಿನ್ಯಾಗ."

"ಹಿರಿಯರಿಗೆ ಪ್ರವಾಸ ಗೊತ್ತಿಲ್ಲೇನ? ಅವರು ಅಡ್ಡಾಡಿದಷ್ಟು ನೀ ಅಡ್ಡಾಡಿಲ್ಲ. ಎಲ್ಲಿದ್ರ ಅಲ್ಲೇ ಇಡು. ಈ ವರ್ಷ ನಿಮ್ಮ ಅಜ್ಜಿನೂ ಅವರ ಜೋಡಿ ಅದಾಳ, ನೆನಪಿರಲಿ."

ಫೋನಿಟ್ಟೆ. ಕಣ್ಣು ತುಂಬಿತ್ತು, ಮಾಸ್ಕ್ ಇದ್ದುದರಿಂದ ಮುಖ ತೋರಿಸುವ ಕಷ್ಟ ಇರಲಿಲ್ಲ. ಒಳಗೆ ಬಂದಾಗ ಎದುರು ಸೀಟಿನ ಅಜ್ಜಿಗೆ "ಸುಮಿಮಾಸೆನ್" ಎಂದು ಕ್ಷಮೆ ಕೇಳಿದೆ. ಅವರು ತಲೆಯಾಡಿಸಿದರು. ಅವರ ಮಡಿಲಲ್ಲಿ ಸೇವಂತಿಗೆಯ ಕಟ್ಟಿತ್ತು. ದೀಪಾ ಮೆಲ್ಲಗೆ ಹೇಳಿದಳು, "ಇದು ಹಿಗಾನ್ ವಾರ ಅಮ್ಮ. ಎಲ್ಲಾರೂ ಅವರವರ grave ನೋಡೋಕೆ ಹೋಗ್ತಾರೆ." ಜಪಾನಿನವರ ಪಿತೃಪಕ್ಷವೂ ಅದೇ ವಾರ ಬಿದ್ದಿತ್ತು.

ನಾಗಸಾಕಿಯ ನಿಲ್ದಾಣದ ಕೊಂಬಿನಿಯಲ್ಲಿ, ಅಂದರೆ ಇಲ್ಲಿ ಗಲ್ಲಿಗೊಂದರಂತೆ ಇರುವ, ಹಗಲೂ ರಾತ್ರಿ ತೆರೆದಿರುವ ಅಂಗಡಿಯಲ್ಲಿ, ಎಡೆಯ ಸಾಮಾನು ಕೊಂಡೆ. ಅನ್ನದ ಉಂಡೆ, ಬಾಳೆಹಣ್ಣು, ಕರಿದ ಕೋಳಿ. ನಮ್ಮ ಹಿರಿಯರಿಗೆ ಕೋಳಿಯಿಲ್ಲದಿದ್ದರೆ ನಡೆಯುವುದಿಲ್ಲ. ಎಲ್ಲಿ ಇಡುತ್ತೇನೆ ಎಂಬುದು ಮಾತ್ರ ಗೊತ್ತಿರಲಿಲ್ಲ.

ದೆಜಿಮಾ

ದೆಜಿಮಾ ಎಂದರೆ ದ್ವೀಪ ಎಂದುಕೊಂಡು ಹೋದರೆ ಪಕ್ಕದಲ್ಲಿ ಟ್ರಾಂ ಗಡಗಡಿಸುತ್ತ ಹೋಯಿತು. ಸಮುದ್ರವನ್ನು ಮಣ್ಣು ತುಂಬಿ ಎಂದೋ ಹಿಂದಕ್ಕೆ ತಳ್ಳಿದ್ದಾರೆ. ಹಿಂದೆ ಇದು ಬೀಸಣಿಗೆ ಆಕಾರದ ಪುಟ್ಟ ದ್ವೀಪ. ಜಪಾನ್ ಬಾಗಿಲು ಮುಚ್ಚಿಕೊಂಡಿದ್ದ ಕಾಲದಲ್ಲಿ ಡಚ್ ವ್ಯಾಪಾರಿಗಳನ್ನು ಇದರೊಳಗೆ ಇಟ್ಟು, ಸೇತುವೆಗೆ ಕಾವಲು ಹಾಕಿದ್ದರು. ನಾವು ಹೋದಾಗಲೂ ದೇಶದ ಬಾಗಿಲು ಅರ್ಧ ಮುಚ್ಚಿಯೇ ಇತ್ತು. ಹೊರದೇಶದ ಪ್ರವಾಸಿಗರಿಲ್ಲದೆ ಅಂಗಳವೆಲ್ಲ ಬಣಗುಡುತ್ತಿತ್ತು.

ಒಳಗೆ ಹೋಗುವ ಮೊದಲು ಜ್ವರ ನೋಡುವ ಯಂತ್ರ. ಚೌಕಟ್ಟಿನೊಳಗೆ ಮುಖ ತೋರಿಸಿದರೆ ಹಸಿರು ದೀಪ ಬರಬೇಕು. ದೀಪಾಳಿಗೆ ಬಂತು. ನಾನು ನಿಂತರೆ, "ದಯವಿಟ್ಟು ಮುಖ ತೋರಿಸಿ" ಎಂದಿತು. ಮುಂದೆ ಬಂದೆ, ಹಿಂದೆ ಹೋದೆ, ಬಗ್ಗಿದೆ. "ದಯವಿಟ್ಟು ಮುಖ ತೋರಿಸಿ." ನನ್ನಷ್ಟು ಕಪ್ಪು ಮುಖ ಅದರ ಲೆಕ್ಕದಲ್ಲೇ ಇರಲಿಲ್ಲ. ಇಂಥ ತಪ್ಪು ಹಿಡಿಯಲು ನನ್ನಂಥವರಿಗೆ ಸಂಬಳ ಕೊಡುತ್ತಾರೆ, ಕೊಡದಿದ್ದರೆ ಹೀಗಾಗುತ್ತದೆ. ಅಲ್ಲಿದ್ದ ಹುಡುಗಿ ನಾಚಿ, ಬಗ್ಗಿ ಬಗ್ಗಿ ಕ್ಷಮೆ ಕೇಳಿ, ಮಣಿಕಟ್ಟಿಗೆ ಥರ್ಮಾಮೀಟರ್ ಹಿಡಿದಳು. ನಾನು ನಕ್ಕೆ. ಮಗಳು ನಗಲಿಲ್ಲ. ನನ್ನಿಂದ ಎರಡು ಮಾರು ದೂರ ಹೋಗಿ ನಿಂತಿದ್ದಳು. ಯಂತ್ರದ ಮಾತಿಗಿಂತ ಅದು ನನಗೆ ಹೆಚ್ಚು ನೋವು ಕೊಟ್ಟಿತು.

ನಮಗೆ ಊರು ತೋರಿಸಲು ಬಂದವರು ಮೋರಿತಾ ಸಾನ್. ನಿವೃತ್ತ ಶಾಲಾ ಶಿಕ್ಷಕಿ, ಬಂದವರಿಗೆ ಹಣ ಪಡೆಯದೆ ಊರು ತೋರಿಸುತ್ತಾರೆ. ನನಗೆ ಬರುವುದು ಆಫೀಸಿನ ಜಪಾನಿ. "ಸರ್ವರ್ ಕೆಟ್ಟಿದೆ, ತೊಂದರೆಗೆ ಕ್ಷಮಿಸಿ" ಎನ್ನುವಲ್ಲಿಗೆ ಮುಗಿಯುತ್ತದೆ. ಹಾಗಾಗಿ ದೀಪಾಳೇ ದುಭಾಷಿ. ಅವಳಿಗೆ ಕನ್ನಡ ಪೂರಾ ಅರ್ಥವಾಗುತ್ತದೆ, ಆಡುವಾಗ ಇಂಗ್ಲಿಷು ಬೆರೆಯುತ್ತದೆ.

ಡಚ್ ಮುಖ್ಯಸ್ಥನ ಮನೆಯನ್ನು ಮತ್ತೆ ಹಾಗೆಯೇ ಕಟ್ಟಿ ನಿಲ್ಲಿಸಿದ್ದಾರೆ. ಚಾಪೆ ಹಾಸಿದ ನೆಲದ ಮೇಲೆ ಮೇಜು ಕುರ್ಚಿ, ಮೇಜಿನ ತುಂಬ ನಿಜದಂತೆಯೇ ಮಾಡಿಟ್ಟ ಊಟ. ಹೊರಗೆ ಕಾಲಿಡಲಾಗದೆ ಆ ವ್ಯಾಪಾರಿಗಳು ಇದನ್ನು ಸೆರೆಮನೆ ಎನ್ನುತ್ತಿದ್ದರಂತೆ. ಗೋಡೆಯ ಚಿತ್ರದಲ್ಲಿ ಅವರ ಹಿಂದೆ ತಟ್ಟೆ ಹಿಡಿದು, ಬರಿಗಾಲಲ್ಲಿ ನಿಂತ ಕಪ್ಪು ಜನ.

"ಇವರು ಸೇವಕರು" ಎಂದು ಮೋರಿತಾ ಸಾನ್ ಹೇಳಿದರು. ಹೇಳಿ, ಚಿತ್ರದಿಂದ ನನ್ನ ಕಡೆ ತಿರುಗಿ ಸ್ವಲ್ಪ ತಡೆದರು. "ಇಲ್ಲ, ಅದು ಮೆದು ಮಾತು. ಹೆಚ್ಚಿನವರನ್ನು ದುಡ್ಡು ಕೊಟ್ಟು ಕೊಂಡು ತಂದಿದ್ದರು. ಜಾವಾ, ಬಾಲಿ ಕಡೆಯವರು, ಭಾರತದ ಕರಾವಳಿಯವರು, ಆಫ್ರಿಕಾದವರೂ. ದೊರೇಇ ಅನ್ನಬೇಕು."

ದೀಪಾ ಭಾಷಾಂತರದ ನಡುವೆ ನಿಂತಳು. "ದೊರೇಇ ಅಂದ್ರೆ slave. ಕನ್ನಡದಲ್ಲಿ ಏನಮ್ಮಾ?"

"ಗುಲಾಮ."

"ಗುಲಾಮ? Cards ಆಡುವಾಗ ಅಪ್ಪ ಹೇಳ್ತಾರಲ್ಲ, ರಾಜ, ರಾಣಿ, ಗುಲಾಮ?"

"ಹೂಂ. ಅದೇ."

"ಅದು ನಿಜವಾದ job ಅಂತ ಗೊತ್ತಿರ್ಲಿಲ್ಲ."

"ಜಾಬ್ ಅಲ್ಲ ಪುಟ್ಟಾ. ಜಾಬ್ ಆದ್ರೆ ಬಿಟ್ಟು ಮನೆಗೆ ಹೋಗಬಹುದು."

ಅವರು ಎಲ್ಲಿ ಮಲಗುತ್ತಿದ್ದರು ಎಂದು ಕೇಳಿಸಿದೆ. ಮೋರಿತಾ ಸಾನ್ ತಮಗೆ ಖಚಿತವಾಗಿ ಗೊತ್ತಿಲ್ಲವೆಂದು, ಅದು ತಮ್ಮ ಮನೆಯದೇ ತಪ್ಪು ಎಂಬಂತೆ ತಲೆಬಾಗಿದರು. ಸೆರೆಮನೆಯಲ್ಲಿದ್ದೇವೆಂದು ಗೋಳಾಡಿದ ಒಡೆಯರು ಕೊನೆಗೆ ಹಡಗು ಹತ್ತಿ ಊರಿಗೆ ಹೋದರು. ಅವರಿಗೆ ತಟ್ಟೆ ಹಿಡಿದವರ ಸೆರೆಗೆ ಸೇತುವೆಯೇ ಇರಲಿಲ್ಲ. ನನಗೆ ಸಿಟ್ಟು ಬಂತು, ಯಾರ ಮೇಲೆ ಎಂದು ಹೇಳಲಾರೆ. ಆ ಸುಳ್ಳು ಊಟದ ಮೇಜನ್ನು ನೋಡಲಾರದೆ ಹೊರಗೆ ಬಂದೆ.

ಮಡಚು ಪರದೆಯ ಮುಂದೆ

ಮಧ್ಯಾಹ್ನ ಮೋರಿತಾ ಸಾನ್ ವಸ್ತುಸಂಗ್ರಹಾಲಯಕ್ಕೆ ಕರೆದುಕೊಂಡು ಹೋದರು. ಅಲ್ಲಿ ಬಂಗಾರದ ಬಣ್ಣದ ಮಡಚು ಪರದೆಯೊಂದಿತ್ತು. ಅದರ ಮೇಲೆ ಡಚ್ಚರಿಗಿಂತ ಮೊದಲು ಬಂದ ಪೋರ್ಚುಗೀಸರ ಹಡಗು. ಉಬ್ಬಿದ ಚಲ್ಲಣ ತೊಟ್ಟ ಕಪ್ತಾನ ಬೀದಿಯಲ್ಲಿ ನಡೆಯುತ್ತಿದ್ದಾನೆ. ಅವನ ತಲೆಯ ಮೇಲೆ ಉದ್ದ ಕೋಲಿನ ಕೊಡೆ ಹಿಡಿದವನು ಕಪ್ಪು ಮನುಷ್ಯ. ಹಗ್ಗ ಹಿಡಿದು ಪಟದ ಕಂಬ ಹತ್ತುತ್ತಿರುವವರೂ ಕಪ್ಪು ಜನ.

ದೀಪಾ ಗಾಜಿಗೆ ಮೂಗು ತಾಗುವಷ್ಟು ಹತ್ತಿರ ಹೋದಳು. "ಇವನ ಕೂದಲು ನನ್ನಂಗೇ ಇದೆ" ಎಂದಳು.

ಆಗ ಮೋರಿತಾ ಸಾನ್ ಒಂದು ಕಥೆ ಹೇಳಿದರು. ಪಾದ್ರಿಗಳ ಜೊತೆ ಬಂದ ಒಬ್ಬ ಕಪ್ಪು ಆಳನ್ನು ನೋಡಲು ಕ್ಯೋತೋದಲ್ಲಿ ಜನ ಮುಗಿಬಿದ್ದರಂತೆ. ಆ ಕಾಲದ ಬಲಿಷ್ಠ ದೊರೆ ಅವನನ್ನು ಕರೆಸಿ, ಬಣ್ಣ ಹೋಗುತ್ತದೋ ನೋಡೋಣವೆಂದು ಮೈ ತೊಳೆಸಿದನಂತೆ. ಹೋಗಲಿಲ್ಲ. ಆಮೇಲೆ ಮೆಚ್ಚಿ, ಕತ್ತಿ ಕೊಟ್ಟು, ಮನೆ ಕೊಟ್ಟು ಹತ್ತಿರ ಇಟ್ಟುಕೊಂಡನಂತೆ.

ದೀಪಾ ಕುಣಿದಳು. "I know him! ಗೇಮ್‌ನಲ್ಲಿ ಇದಾನೆ! ನಮ್ಮ ಕ್ಲಾಸ್ ಬಾಯ್ಸ್‌ಗೆಲ್ಲಾ ಇಷ್ಟ. ಅಮ್ಮಾ, ನಾವು ಅವನ familyನಾ?"

ನಿಜ ಹೇಳುತ್ತೇನೆ, ಹೌದು ಎನ್ನಲು ನಾಲಿಗೆ ತುದಿಗೆ ಬಂದಿತ್ತು. ಅಮೆರಿಕದ ಅಜ್ಜನ ಬದಲು ಕತ್ತಿ ಹಿಡಿದ ಮುತ್ತಜ್ಜ. ಶಾಲೆಯ ಪಾಠ ಚಪ್ಪಾಳೆಯೊಂದಿಗೆ ಮುಗಿಯುತ್ತಿತ್ತು. ಮಗಳ ಮುಖ ಅಷ್ಟು ಅರಳಿತ್ತು.

"ಇರಬಹುದು, ಯಾರಿಗೆ ಗೊತ್ತು. ಆದ್ರೆ ಕತ್ತಿ ಸಿಕ್ಕಿದ್ದು ಒಬ್ಬನಿಗೆ. ಕೊಡೆ ಹಿಡಿದವರು ನೂರಾರು ಜನ. ನಾವು ಕೊಡೆ ಹಿಡಿದವರ ಮಕ್ಕಳು ಅಂದ್ಕೊಂಡ್ರೆ ತಪ್ಪಾಗಲ್ಲ" ಎಂದೆ.

"ಓ..." ಎಂದಳು. ಅರಳಿದ್ದು ಮುದುಡಿತು. ಅದನ್ನು ನೋಡುವುದು ಕಷ್ಟವಾಯಿತು.

"ಅವರು ಏನು ತಪ್ಪು ಮಾಡಿದ್ರು, ಮಾರೋಕೆ?"

"ಏನೂ ಇಲ್ಲ."

"Then why?"

ಮೋರಿತಾ ಸಾನ್‌ಗೆ ನಮ್ಮ ಮಾತು ಅರ್ಥವಾಗದಿದ್ದರೂ ಮುಖಗಳು ಅರ್ಥವಾದವು. ಅವರು ದೀಪಾಳ ಎದುರು ಬಗ್ಗಿ, ಮೆಲ್ಲಗೆ ಏನೋ ಹೇಳಿದರು, ಅವಳು ನನಗೆ ತಿಳಿಸುತ್ತ ಹೋದಳು. ಇದೇ ಹಡಗುಗಳಲ್ಲಿ ಇಲ್ಲಿಂದಲೂ ಜನರನ್ನು ಒಯ್ದಿದ್ದರು. ಬಡವರ ಮಕ್ಕಳು, ಯುದ್ಧದಲ್ಲಿ ಸಿಕ್ಕವರು. ಜಪಾನಿನವರೇ ಹಿಡಿದು ಕೊಟ್ಟರು, ಪೋರ್ಚುಗೀಸರು ಕೊಂಡರು. ಮಕಾವ್‌ಗೆ, ಗೋವಾಗೆ ಒಯ್ದು ಮಾರಿದರು.

"ಗೋವಾ? ನಮ್ಮ ಗೋವಾನಾ?" ಎಂದು ದೀಪಾ ನನ್ನ ಕಡೆ ತಿರುಗಿದಳು.

ನಮ್ಮ ಗೋವಾವೇ. ಹಳಿಯಾಳದಿಂದ ಬಸ್ಸು ಹತ್ತಿದರೆ ಊಟದ ಹೊತ್ತಿಗೆ ಸಿಗುವ ಗೋವಾ. ನನಗೂ ಇದು ಗೊತ್ತಿರಲಿಲ್ಲ. ಅಲ್ಲಿನ ಯಾವುದೋ ಅಂಗಳದಲ್ಲಿ ಆಫ್ರಿಕಾದ ಹೆಣ್ಣೊಬ್ಬಳೂ ನಾಗಸಾಕಿಯ ಹೆಣ್ಣೊಬ್ಬಳೂ ಒಟ್ಟಿಗೆ ಪಾತ್ರೆ ತೊಳೆದಿರಬಹುದು. ಭಾಷೆ ಗೊತ್ತಿಲ್ಲದೆಯೂ ಒಬ್ಬರ ಕಷ್ಟ ಒಬ್ಬರಿಗೆ ತಿಳಿದಿರಬೇಕು. ಮೋರಿತಾ ಸಾನ್ ನನ್ನ ತೋಳು ಮುಟ್ಟಿ, ಕೊರೋನಾ ನೆನಪಾಗಿ, ಕೈ ಹಿಂದಕ್ಕೆ ತೆಗೆದುಕೊಂಡರು.

ಬೆಟ್ಟದ ಸ್ಮಶಾನ

ಇಲ್ಲಿ ಸತ್ತ ಆ ಜನರನ್ನು ಎಲ್ಲಿ ಹೂಳಿದರು ಎಂದು ನಾನು ಕೇಳಿದ್ದಕ್ಕೆ ಮೋರಿತಾ ಸಾನ್ ನಮ್ಮನ್ನು ಕೊಲ್ಲಿಯಾಚೆಯ ಬೆಟ್ಟದ ಬುಡಕ್ಕೆ ಕರೆತಂದರು. ಬೌದ್ಧ ಗುಡಿಯೊಂದರ ಹಿಂದೆ ಮೆಟ್ಟಿಲು ಮೆಟ್ಟಿಲಾಗಿ ಗೋರಿಗಳು. ಚೀನೀಯರದು ಒಂದು ಕಡೆ, ಡಚ್ಚರದು ಒಂದು ಕಡೆ. ಡಚ್ ಕಲ್ಲುಗಳ ಮೇಲೆ ಅಕ್ಷರಗಳಿದ್ದವು.

"ಅವರ ಆಳುಗಳ ಕಲ್ಲನ್ನು ನಾನು ಎಲ್ಲೂ ಕಂಡಿಲ್ಲ" ಎಂದರು ಮೋರಿತಾ ಸಾನ್. ಆಮೇಲೆ ಮೂಲೆಯಲ್ಲಿದ್ದ ಕಲ್ಲುಗಳ ರಾಶಿಯೊಂದನ್ನು ತೋರಿಸಿದರು. ಹಾವಸೆ ಹಿಡಿದ ಹಳೆಯ ಗೋರಿಕಲ್ಲುಗಳನ್ನು ಗುಡ್ಡೆ ಹಾಕಿ, ಮುಂದೆ ಊದುಬತ್ತಿ ಹಚ್ಚಲು ಜಾಗ ಮಾಡಿದ್ದರು. ನೋಡಿಕೊಳ್ಳುವ ನೆಂಟರಿಲ್ಲದೆ ಉಳಿದವರು. ಹಿಗಾನ್ ವಾರದಲ್ಲಿ ತಮ್ಮವರ ಗೋರಿ ತೊಳೆದು ಹೋಗುವವರು ಇವರಿಗೂ ಒಂದು ಚೊಂಬು ನೀರು ಹಾಕಿ ಹೋಗುತ್ತಾರಂತೆ.

ನನಗೆ ಜಾಗ ಸಿಕ್ಕಿತು. ಅನ್ನದ ಉಂಡೆ ಬಿಡಿಸಿ, ಬಾಳೆಹಣ್ಣು ಸುಲಿದು, ಕೋಳಿ ತುಂಡು ಇಟ್ಟು, ನೀರು ಸುತ್ತಿ ಬಿಟ್ಟೆ. ಅಜ್ಜಿಯ ಹೆಸರು ಹೇಳಿದೆ. ಹೆಸರು ಗೊತ್ತಿಲ್ಲದವರನ್ನೂ ಕರೆದೆ. ಹಿಂದೆ ಸರಿದು ನಿಂತು, ಊರಿನ ಅಭ್ಯಾಸದಂತೆ, ಗಂಟಲು ತೆರೆದು "ಕಾ... ಕಾ..." ಎಂದು ಕೂಗಿದೆ.

ಜಪಾನಿನ ಕಾಗೆಗಳು ಕೋಳಿಗಾತ್ರ ಇರುತ್ತವೆ. ಒಂದು ಬಂದು ಕಲ್ಲಿನ ಮೇಲೆ ಕೂತಿತು. ನನ್ನ ಎದೆ ತುಂಬಿತು. ಅದು ಕತ್ತು ಓರೆ ಮಾಡಿ ಕೊಕ್ಕು ಚಾಚುವಷ್ಟರಲ್ಲಿ, ಗುಡಿಯ ಕಡೆಯಿಂದ ಏಪ್ರನ್ ತೊಟ್ಟ ಹೆಂಗಸೊಬ್ಬರು ಪೊರಕೆ ಹಿಡಿದು, "ಸುಮಿಮಾಸೆನ್! ಸುಮಿಮಾಸೆನ್!" ಎನ್ನುತ್ತ ಓಡಿಬಂದರು.

"ಅಯ್ಯೋ, ಓಡಿಸಬ್ಯಾಡ್ರೀ!" ಎಂದು ನಾನು ಕನ್ನಡದಲ್ಲೇ ಕಿರುಚಿದೆ.

ಕಾಗೆ ಹಾರಿಹೋಯಿತು. ಆಕೆ ಗೋಡೆಯ ಫಲಕ ತೋರಿಸಿದರು. ಅದರಲ್ಲಿ ಕಾಗೆಯ ಚಿತ್ರ, ಮೇಲೆ ಕೆಂಪು ಗೆರೆ. ಇಟ್ಟ ತಿನಿಸನ್ನು ವಾಪಸ್ ಒಯ್ಯಬೇಕು, ಕಾಗೆ ಬರಬಾರದು. ನಮ್ಮಲ್ಲಿ ಕಾಗೆ ಬಾರದಿದ್ದರೆ ಮನೆಮಂದಿಯೆಲ್ಲ ಕಂಗಾಲು, ಇಲ್ಲಿ ಕಾಗೆ ಬಂದರೆ ಕಂಗಾಲು. ಆಕೆ ಬಗ್ಗಿದರು, ನಾನು ಬಗ್ಗಿದೆ, ಮೋರಿತಾ ಸಾನ್ ಇಬ್ಬರಿಗೂ ಬಗ್ಗಿದರು. ಆಮೇಲೆ ಆಕೆ ಕೇಳಿದರು, ಇದು ಯಾರಿಗೆ ಇಟ್ಟ ಊಟ?

ಮೋರಿತಾ ಸಾನ್ ನನ್ನನ್ನು ನೋಡಿದರು. ಸರ್ವರ್ ಕೆಟ್ಟಿದೆ ಎನ್ನುವ ಜಪಾನಿಯಲ್ಲಿ ನಾನು ಇದನ್ನು ಹೇಳುವುದು ಹೇಗೆ? ಮಗಳ ಕಡೆ ತಿರುಗಿದೆ. ಅವಳು ಬೂಟಿನ ತುದಿ ನೋಡುತ್ತಿದ್ದಳು. ಬಲವಂತ ಮಾಡಬಾರದು ಎನಿಸಿತು. ನಾನೇ ಎಲ್ಲವನ್ನೂ ಚೀಲಕ್ಕೆ ತುಂಬಲು ಬಗ್ಗಿದೆ.

ಆಗ ಅವಳ ದನಿ ಕೇಳಿತು. ಜಪಾನಿಯಲ್ಲಿ, ಶಾಲೆಯಲ್ಲಿ ಎದ್ದುನಿಂತು ಹೇಳುವ ಹಾಗೆ, ಬಿಡಿಬಿಡಿಯಾಗಿ.

"ಇದು ನಮ್ಮ ಹಿರಿಯರಿಗೆ. ಅವರನ್ನು ಆಫ್ರಿಕಾದಿಂದ ಹಡಗಿನಲ್ಲಿ ತಂದು ಮಾರಿದರು. ಕೆಲವರನ್ನು ಭಾರತದಲ್ಲಿ ಇಳಿಸಿದರು. ನಾವು ಅವರ ಮಕ್ಕಳು. ಕೆಲವರನ್ನು ಇಲ್ಲಿಯವರೆಗೆ ತಂದರು. ಅವರು ದೊರೇಇ. ತಪ್ಪು ಮಾಡಿರಲಿಲ್ಲ. ಅವರಿಗೆ ಇಲ್ಲಿ ಊಟ ಇಡುವವರು ಯಾರೂ ಇಲ್ಲ. ಅದಕ್ಕೆ ಅಮ್ಮ ತಂದಿದ್ದಾಳೆ. ಕಾಗೆ ತಿಂದರೆ ಅವರು ತಿಂದ ಹಾಗೆ."

ನನಗೆ ಅರ್ಧ ಅರ್ಥವಾಯಿತು, ಉಳಿದರ್ಧವನ್ನು ಮೋರಿತಾ ಸಾನ್ ಕಣ್ಣೊರೆಸಿಕೊಂಡದ್ದರಿಂದ ಊಹಿಸಿದೆ. ಗುಡಿಯ ಹೆಂಗಸು ಪೊರಕೆಯನ್ನು ಬೆನ್ನ ಹಿಂದೆ ಮಾಡಿಕೊಂಡು, ಇನ್ನೊಂದು ಪ್ರಶ್ನೆ ಕೇಳಿದರು.

"ಅವರ ಹೆಸರೇನು ಅಂತ ಕೇಳ್ತಿದಾರೆ ಅಮ್ಮ. ಪ್ರಾರ್ಥನೆ ಮಾಡೋಕೆ ಹೆಸರು ಬೇಕಂತೆ."

"ಗೊತ್ತಿಲ್ಲ ಪುಟ್ಟಾ. ಯಾರಿಗೂ ಗೊತ್ತಿಲ್ಲ."

ದೀಪಾ ಹಾಗೆಯೇ ಹೇಳಿದಳು. ಹೇಳಿದ ಮೇಲೆ ಸುತ್ತಲಿನ ಕಲ್ಲುಗಳನ್ನು ನೋಡಿದಳು. ಜಪಾನಿನ ಗೋರಿಗಳ ಮೇಲೆ ಹೆಚ್ಚಾಗಿ ವ್ಯಕ್ತಿಯ ಹೆಸರಿರುವುದಿಲ್ಲ, ಮನೆತನದ ಹೆಸರು ಮಾತ್ರ ಇರುತ್ತದೆ. ಅವಳು ಆ ಲಿಪಿ ಓದಬಲ್ಲಳು, ನಾನು ಓದಲಾರೆ.

"ಆದರೆ ಮನೆತನದ ಹೆಸರು ಗೊತ್ತಿದೆ. ಸಿದ್ದಿ. ನನ್ನದೂ ಅದೇ" ಎಂದಳು.

ಅದು ಮಾತ್ರ ನನಗೆ ಪೂರ್ತಿ ಅರ್ಥವಾಯಿತು. ಮೆಟ್ಟಿಲ ಮೇಲೆ ಕೂತುಬಿಟ್ಟೆ.

ಆ ಹೆಂಗಸು ಕೈಜೋಡಿಸಿ, "ಸಿದ್ದಿ" ಎಂದು ತಿದ್ದಿ ತಿದ್ದಿ ಉಚ್ಚರಿಸಿ, ಕಣ್ಣು ಮುಚ್ಚಿ ಪ್ರಾರ್ಥಿಸಿದರು. ನಂತರ, ತಾನು ಒಳಗೆ ಹೋಗಿ ಚಹಾಕ್ಕೆ ನೀರಿಡಬೇಕು, ಸ್ವಲ್ಪ ಹೊತ್ತು ಈ ಕಡೆ ನೋಡಲು ಆಗುವುದಿಲ್ಲ, ಹೋಗುವಾಗ ಮಾತ್ರ ಜಾಗ ಚೊಕ್ಕಟ ಮಾಡಿ ಎಂದು ಹೇಳಿ, ಪೊರಕೆ ತೆಗೆದುಕೊಂಡು ಹೊರಟುಹೋದರು.

ಕಾಗೆ ವಿದ್ಯುತ್ ತಂತಿಯ ಮೇಲೆ ಕೂತಿತ್ತು. ನಾನು ಎದ್ದು, ಕೋಳಿ ತುಂಡನ್ನು ಅದಕ್ಕೆ ಕಾಣುವಂತೆ ಮತ್ತೆ ಸರಿಯಾಗಿ ಇಟ್ಟೆ. ದೀಪಾ ನನ್ನ ಪಕ್ಕಕ್ಕೆ ಬಂದು, ಮಾಸ್ಕನ್ನು ಗಲ್ಲಕ್ಕೆ ಎಳೆದುಕೊಂಡು, ತನ್ನ ಜಪಾನೀ ಉಚ್ಚಾರದ ಕನ್ನಡದಲ್ಲಿ ಗಟ್ಟಿಯಾಗಿ ಕರೆದಳು:

"ಸಿದ್ದಿ ಸಾನ್, ಊಟಕ್ಕೆ ಬನ್ನಿ!"